ಚಂದ್ರದ್ರೋಣದ ಲಾಳ ಉಲ್ಕೆ ಬಿದ್ದ ಗುರುತೇ?

ಪ್ರಶ್ನೆ: ಮೊಬೈಲ್‌ನ ಉಪಗ್ರಹ ನಕ್ಷೆಯಲ್ಲಿ ಬಾಬಾಬುಡನ್ ಬೆಟ್ಟಸಾಲು ಕುದುರೆ ಲಾಳದಂತೆ ಕಾಣುತ್ತದೆ. ಅಲ್ಲಿಂದ ತಂದ ಕಲ್ಲಿಗೆ ಅಯಸ್ಕಾಂತವೂ ಅಂಟುತ್ತದೆ. ಹಿಂದೆಂದೋ ಅಲ್ಲಿ ಕ್ಷುದ್ರಗ್ರಹ ಬಿದ್ದಿತ್ತೇ?

ಇಲ್ಲ, ಆ ಲಾಳ ಕ್ಷುದ್ರಗ್ರಹ ಬಿದ್ದ ಪೆಟ್ಟಿನಿಂದ ಆದದ್ದಲ್ಲ. ಆದರೆ ಶಿವಮೊಗ್ಗದಲ್ಲಿ ಎಲ್ಲಿ ಕಲ್ಲಿನ ಮಾತು ತೆಗೆದರೂ ಈ ಪ್ರಶ್ನೆ ಬರುತ್ತದೆ, ಬರಬೇಕಾದದ್ದೇ. ಆ ಸಾಲು ವಾಯವ್ಯಕ್ಕೆ ಬಾಯಿ ತೆರೆದುಕೊಂಡಿದೆ, ಒಳಗೆ ಜಾಗರ ಕಣಿವೆ ಮಲಗಿದೆ. ಉಪಗ್ರಹವಿಲ್ಲದ ಕಾಲದಲ್ಲೇ ಹಿರಿಯರು ಅದರಲ್ಲಿ ಅರ್ಧಚಂದ್ರನನ್ನು ಕಂಡು ಚಂದ್ರದ್ರೋಣ ಎಂದರು.

ಮೊದಲು ನಿಮ್ಮ ಕಲ್ಲು. ಅಂಥದ್ದೊಂದು ನನ್ನ ಮೇಜಿನ ಮೇಲೂ ಇದೆ. ಅಂಗೈ ಅಗಲದ ತುಂಡು, ಎತ್ತಿದರೆ ಅಂದಾಜಿಗಿಂತ ಭಾರ. ಒದ್ದೆ ಮಾಡಿ ಬಿಸಿಲಿಗೆ ಹಿಡಿದರೆ ಕಪ್ಪು, ಕೆಂಗಂದು, ಬೂದು ಪಟ್ಟೆಗಳು ಎದ್ದು ಕಾಣುತ್ತವೆ. ಕೆಲವು ಬೆರಳಿನಷ್ಟು ದಪ್ಪ, ಕೆಲವು ಕೂದಲೆಳೆ. ಅಯಸ್ಕಾಂತ ಅಂಟುವುದು ಕಪ್ಪು ಪಟ್ಟೆಯಲ್ಲಿರುವ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜಕ್ಕೆ. ತಿಳಿ ಪಟ್ಟೆ ಸಿಲಿಕಾ, ಬೆಣಚುಕಲ್ಲಿನ ವಸ್ತು. 250 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಕಡಲಿತ್ತು. ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕಿಳಿದು, ಪದರದ ಮೇಲೆ ಪದರ ಕೂತು ಕಲ್ಲಾಯಿತು. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕುಲುಮೆಗೆ ಹೋಗುತ್ತಿದ್ದ ಅದಿರು ಈ ಬಳಗದ್ದೇ. ಕಬ್ಬಿಣದ ಉಲ್ಕೆಯಲ್ಲಿ ಹೀಗೆ ತಳದಲ್ಲಿ ಕೂತ ಪದರಗಳಿರುವುದಿಲ್ಲ, ನಿಕಲ್ ಮಾತ್ರ ಇದ್ದೇ ಇರುತ್ತದೆ.

ಇನ್ನು ಲಾಳ. ಚಪ್ಪಟೆಯಾಗಿದ್ದ ಆ ಪದರಗಳು ಮುಂದೆ ಭೂಮಿಯೊಳಗಿನ ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡವು. ಬೇಯಿಸಿದ ಪತ್ರೊಡೆಯ ಸುರುಳಿಯನ್ನು ಅಡ್ಡಲಾಗಿ ಕತ್ತರಿಸಿ ನೋಡಿ: ಎಲೆ, ಹಿಟ್ಟು, ಎಲೆ, ಹಿಟ್ಟು ಎಂದು ಬಾಗಿದ ಗೆರೆಗಳು. ಇಲ್ಲಿ ಕತ್ತರಿಸಿದ್ದು ಮಳೆ ಮತ್ತು ಹೊಳೆ. ಮೆತ್ತನೆಯ ಕಲ್ಲು ಸವೆದುಹೋಯಿತು, ಗಟ್ಟಿ ಕಬ್ಬಿಣದ ಪದರ ಏಣಾಗಿ ನಿಂತಿತು. ನಕ್ಷೆಯಲ್ಲಿ ನೀವು ಕಂಡದ್ದು ಆ ಮಡಿಕೆಯ ಅಂಚನ್ನು. ಆಫ್ರಿಕಾದ ಮಾರಿಟೇನಿಯಾದಲ್ಲಿ ಸುಮಾರು 40 ಕಿಲೋಮೀಟರ್ ಅಗಲದ ರಿಷಾಟ್ ಎಂಬ ಬಳೆಯಾಕಾರವಿದೆ. ಅದನ್ನೂ ಒಮ್ಮೆ ಉಲ್ಕೆಯ ಲೆಕ್ಕಕ್ಕೆ ಬರೆದಿದ್ದರು. ಉಬ್ಬಿದ ಪದರಗಳು ಸವೆದು ಉಳಿದ ಉಂಗುರಗಳು ಅವು ಎಂದು ಆಮೇಲೆ ತಿಳಿಯಿತು.

ಹಾಗಾದರೆ ಪುರಾವೆ ಯಾವುದು? ಅಯಸ್ಕಾಂತವನ್ನು ನಂಬಿ ದೊಡ್ಡವರೂ ಎಡವಿದ್ದಾರೆ. 1891ರಲ್ಲಿ ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಅರಿಜೋನಾದ ಕುಳಿಗೆ ಹೋಗಿ, ಕೆಳಗೆ ಉಲ್ಕೆಯ ಕಬ್ಬಿಣದ ಗುಡ್ಡೆ ಹೂತಿದ್ದರೆ ಕಾಂತಸೂಜಿ ತೋರಿಸಬೇಕು ಎಂದು ಅಳೆದರು. ಸೂಜಿ ಏನನ್ನೂ ತೋರಿಸಲಿಲ್ಲ. ಸುತ್ತ ಉಲ್ಕೆಯ ಚೂರುಗಳು ಬಿದ್ದಿದ್ದರೂ, ಇದು ಹಬೆಯ ಸ್ಫೋಟದ ಕುಳಿ ಎಂದುಬಿಟ್ಟರು. 1960ರಲ್ಲಿ ಅದೇ ಕುಳಿಯ ಕಲ್ಲಿನಲ್ಲಿ ಕೋಯಸೈಟ್ ಸಿಕ್ಕಿತು. ಸಾಮಾನ್ಯ ಸಿಲಿಕಾ ಭಯಂಕರ ಒತ್ತಡಕ್ಕೆ ಸಿಕ್ಕಾಗ ತಾಳುವ ರೂಪ ಅದು. ಬಂದು ಬಡಿದ ಕಬ್ಬಿಣದ ಬಹುಪಾಲು ಕರಗಿ, ಆವಿಯಾಗಿ, ಚೆದುರಿಹೋಗಿತ್ತು. ಸೂಜಿಗೆ ಸಿಗಲು ಅಲ್ಲಿ ಗುಡ್ಡೆ ಎಲ್ಲಿತ್ತು?

ಇಂಥ ಪೆಟ್ಟು ತಿಂದ ಬೆಣಚುಕಲ್ಲಿನ ಕಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಪಟ್ಟಿ ಹಿಡಿದು ಎಳೆದಂತೆ ನೇರ, ಒತ್ತೊತ್ತಾದ, ಸಮಾಂತರ ಗೆರೆಗಳು ಕಾಣುತ್ತವೆ. ಅವು ಮೂಡಲು ವಾಯುಭಾರದ ಲಕ್ಷ ಪಟ್ಟು ಒತ್ತಡ ಕ್ಷಣಮಾತ್ರದಲ್ಲಿ ಬೀಳಬೇಕು. ಬೆಟ್ಟ ಮಡಚುವ ನಿಧಾನದ ಒತ್ತಡಕ್ಕೆ ಆ ಕೆಲಸ ಸಾಧ್ಯವಿಲ್ಲ. ಮಹಾರಾಷ್ಟ್ರದ ಲೋಣಾರ್ ಸರೋವರವಿರುವ ಕುಳಿ, ಸುಮಾರು 1.8 ಕಿಲೋಮೀಟರ್ ಅಗಲದ್ದು, ಬಹುಕಾಲ ಜ್ವಾಲಾಮುಖಿಯ ಕುಳಿ ಎನಿಸಿಕೊಂಡಿತ್ತು. ಅಲ್ಲಿನ ಬಸಾಲ್ಟ್ ಎಂಬ ಲಾವಾಕಲ್ಲಿನೊಳಗಿನ ಫೆಲ್ಡ್‌ಸ್ಪಾರ್ ಖನಿಜ ಪೆಟ್ಟಿಗೆ ಗಾಜಿನಂತಾಗಿದ್ದು ಕಂಡ ಮೇಲೆ ವಾದ ಮುಗಿಯಿತು. ಮಧ್ಯಪ್ರದೇಶದ ಢಾಲಾದಲ್ಲಂತೂ ಕುಳಿಯ ಆಕಾರ ಬಹುಮಟ್ಟಿಗೆ ಸವೆದುಹೋಗಿದೆ, ಕಲ್ಲು ಸಾಕ್ಷಿ ಹೇಳಿತು. ದುಂಡಗಿರುವುದು ಬೇಕಾಗಿಯೂ ಇಲ್ಲ, ಸಾಕಾಗುವುದೂ ಇಲ್ಲ.

ಮುಂದಿನ ಬಾರಿ ಗಿರಿಗೆ ಹೋದಾಗ ರಸ್ತೆ ಬದಿಯ ಧರೆಯಲ್ಲಿ ಪಟ್ಟೆ ಕಲ್ಲು ಕಂಡರೆ ಗಾಡಿ ನಿಲ್ಲಿಸಿ. ಸುತ್ತಿಗೆ ಬೇಡ, ನೀರಿನ ಬಾಟಲಿ ಸಾಕು. ತೊಳೆದು ನೋಡಿ, ಪಟ್ಟೆಗಳು ಒಂದು ಕಡೆ ಬಾಗಿ ತಿರುಗಿ ಮತ್ತೆ ಬಂದ ದಾರಿ ಹಿಡಿದಿರುತ್ತವೆ. ನಕ್ಷೆಯಲ್ಲಿ ಕಂಡ ಲಾಳವೇ, ಅಂಗೈ ಅಗಲದ್ದು.