ಗಾಲಿಂಗ್: ತುಕ್ಕೂ ಅಲ್ಲ, ಸವೆತವೂ ಅಲ್ಲ

ತಾಂತ್ರಿಕ ಪದಗಳ ಕನ್ನಡ ಪಟ್ಟಿಯೊಂದರಲ್ಲಿ ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು: ಗಾಲಿಂಗ್ ಎಂದರೆ ‘ತುಕ್ಕು ಹಿಡಿಯುವುದು’. ಅದಕ್ಕೂ ಮೊದಲು ನೋಡಿದ ಪಟ್ಟಿಯಲ್ಲಿ ‘ಸವೆತ’ ಎಂದಿತ್ತು. ತೈಲ, ಅನಿಲ ಬಾವಿಗೆ ಪೈಪ್ ಜೋಡಿಸಿ ಇಳಿಸುವ ಜಾಗದಲ್ಲಂತೂ ಎಲ್ಲಕ್ಕೂ ಒಂದೇ ಮಾತು, ‘ಥ್ರೆಡ್ ಹೋಗಿದೆ’, ಅಂದರೆ ಪೈಪಿನ ತುದಿಯ ತಿರುಪಿನ ಎಳೆ ಹಾಳಾಗಿದೆ. ಹೇಗೆ ಹೋಯಿತು ಎಂದು ಗೊತ್ತಿಲ್ಲದೆ ಮುಂದಿನ ಪೈಪನ್ನು ಉಳಿಸಿಕೊಳ್ಳುವುದು ಹೇಗೆ?

ತುಕ್ಕಿಗೆ ನೀರು, ಗಾಳಿ, ಕಾಲ ಬೇಕು. ಸವೆತಕ್ಕೆ ನೂರಾರು ಸಲದ ಬಳಕೆ ಬೇಕು. ಗಾಲಿಂಗ್‌ಗೆ ಕೆಲವು ಕ್ಷಣ ಸಾಕು. ಹೊರಗೆ ಥ್ರೆಡ್ ಇರುವ ಪೈಪಿನ ತುದಿ, ಅಂದರೆ ಪಿನ್, ಒಳಗೆ ಥ್ರೆಡ್ ಇರುವ ಬಾಕ್ಸಿನೊಳಗೆ ತಿರುಗುವಾಗ ಒತ್ತಡ ಹೆಚ್ಚಿದ ಕಡೆ ಎರಡೂ ಲೋಹಗಳ ಮೇಲಿನ ತೆಳು ಆಕ್ಸೈಡ್ ಪದರ ಹರಿದು, ಬರಿ ಲೋಹಕ್ಕೆ ಬರಿ ಲೋಹ ಅಂಟುತ್ತದೆ. ತಿರುವುತ್ತಲೇ ಇದ್ದರೆ ಒಂದು ಕಡೆಯಿಂದ ಚೂರು ಕಿತ್ತು ಇನ್ನೊಂದು ಕಡೆ ಗಂಟಾಗಿ ಕೂರುತ್ತದೆ. ಆ ಗಂಟು ಮುಂದಿನ ಸುತ್ತಿನಲ್ಲಿ ನೇಗಿಲಿನಂತೆ ಥ್ರೆಡ್ಡನ್ನು ಉಳುತ್ತಾ ಹೋಗುತ್ತದೆ.

ಪದದ ಮೂಲ ನೋಡಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ‘ಗಾಲ್’ ಎಂಬ ರೂಪಕ್ಕೆ ಮೂರು ಅರ್ಥ. ಒಂದು ಪಿತ್ತ, ಗಾಲ್ ಬ್ಲ್ಯಾಡರ್‌ನಲ್ಲಿ ಇರುವುದು ಅದೇ. ಇನ್ನೊಂದು ಓಕ್ ಮರದ ಮೇಲೆ ಏಳುವ ಗಂಟು, ನಮ್ಮ ಗ್ರಂದಿಗೆ ಅಂಗಡಿಯ ಮಾಚಿಕಾಯಿ. ಮೂರನೆಯದು ಜೀನು, ಪಟ್ಟಿ ಉಜ್ಜಿ ಕುದುರೆಯ ಮೈಮೇಲೆ ಆಗುವ ಹುಣ್ಣು. ಗಾಲಿಂಗ್ ಬಂದದ್ದು ಈ ಮೂರನೆಯದರಿಂದ. ನೊಗ ಉಜ್ಜಿ ಎತ್ತಿನ ಹೆಗಲು ಹುಣ್ಣಾಗಿದ್ದನ್ನು ಕಂಡವರು ಅದನ್ನು ತುಕ್ಕು ಎನ್ನುವುದಿಲ್ಲ, ಹೆಗಲು ಸವೆದಿದೆ ಎಂದೂ ಹೇಳುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಪದ ಹುಡುಕಬೇಕಾಗಿಯೇ ಇಲ್ಲ. ಹೊಸ ಚಪ್ಪಲಿ ಕಾಲು ಕಚ್ಚುತ್ತದೆ. ತಿರುಗದೆ ನಿಂತ ನಟ್ಟು ಕಚ್ಚಿಕೊಂಡಿದೆ ಎನ್ನುತ್ತೇವೆ. ಉಜ್ಜುವುದು, ಗಾಯವಾಗುವುದು, ಅಂಟಿ ನಿಲ್ಲುವುದು, ಮೂರನ್ನೂ ‘ಕಚ್ಚು’ ಒಂದೇ ಹೇಳುತ್ತದೆ. ಮೇಲಾಗಿ ಕಚ್ಚುವುದು ಹೊಸ ಚಪ್ಪಲಿ, ಹಳೆಯದಲ್ಲ. ಬಾವಿಯಲ್ಲೂ ಹಾಗೆಯೇ: ಕಾರ್ಖಾನೆಯಿಂದ ಬಂದ, ಒಮ್ಮೆಯೂ ಬಳಸದ ಪೈಪಿನಲ್ಲೇ ಗಾಲಿಂಗ್ ಆಗಬಹುದು. ‘ಸವೆತ’ ಎಂದು ಬರೆದರೆ ಓದಿದವರು ಹಳೆಯ ಪೈಪನ್ನಷ್ಟೇ ಅನುಮಾನಿಸುತ್ತಾರೆ.

‘ತುಕ್ಕು’ ಎನ್ನುವುದು ಇನ್ನೂ ದೊಡ್ಡ ತಪ್ಪು. ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ಬಾವಿಗಳಿಗೆ 13 ಶೇಕಡಾ ಕ್ರೋಮಿಯಂ ಇರುವ ಟ್ಯೂಬಿಂಗ್ (ತೈಲ, ಅನಿಲ ಮೇಲೆ ಬರುವ ಒಳಪೈಪ್) ಇಳಿಸುವುದೇ ಅದು ಸುಲಭವಾಗಿ ಕೊರೆದುಹೋಗುವುದಿಲ್ಲ ಎಂದು. ಸಾಮಾನ್ಯ ಉಕ್ಕಿಗಿಂತ ಬೇಗ ಕಚ್ಚುವುದೂ ಅದೇ ಟ್ಯೂಬಿಂಗ್. ತುಕ್ಕಿನ ಭಯವಿಲ್ಲ ಎಂದು ಅದರ ಥ್ರೆಡ್ ಬಗ್ಗೆ ಉದಾಸೀನ ಮಾಡಿದರೆ ಆಗುವ ನಷ್ಟ ಸಣ್ಣದಲ್ಲ. 3000 ಮೀಟರ್ ಬಾವಿಗೆ ಸುಮಾರು 9 ಮೀಟರಿನ ಟ್ಯೂಬಿಂಗ್ ಜೋಡಿಸುತ್ತಾ ಹೋದರೆ ಮುನ್ನೂರಕ್ಕೂ ಹೆಚ್ಚು ಜೋಡಣೆ. ಸೋರುವುದಕ್ಕೆ ಒಂದು ಸಾಕು.

ತಡೆಯುವ ಕ್ರಮಗಳು ಕೆಲಸದವರಿಗೆ ಗೊತ್ತಿರುವವೇ. ಥ್ರೆಡ್ ತೊಳೆದು, ಒರೆಸಿ, ಕಣ್ಣಿಟ್ಟು ನೋಡುವುದು. ಜೋಡಿಸುವ ಹೊತ್ತಿನವರೆಗೂ ಥ್ರೆಡ್ ಕಾಯುವ ಮುಚ್ಚಳವನ್ನು, ಅಂದರೆ ಪ್ರೊಟೆಕ್ಟರನ್ನು, ತೆಗೆಯದಿರುವುದು. ಪೈಪನ್ನು ನೆಟ್ಟಗೆ ಇಳಿಸಿ ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುವುವುದು. ಆಮೇಲೂ ಪೈಪ್ ತಿರುವಿ ಬಿಗಿ ಮಾಡುವ ಯಂತ್ರವಾದ ಟಾಂಗನ್ನು ನಿಧಾನವಾಗಿ ಓಡಿಸುವುದು. ಜೋಡಿಸುವ ಮೊದಲು ಥ್ರೆಡ್ಡಿಗೆ ಬಳಿಯುವ ಡೋಪ್ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು. ಅದನ್ನು ಬರಿ ಗ್ರೀಸ್ ಎಂದುಕೊಂಡವರು ಬಹಳ. ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಮಾದರಿಯ ಹಳೆಯ ಡೋಪಿನಲ್ಲಿ ಗ್ರೀಸಿನ ಜೊತೆ ಗ್ರಾಫೈಟ್, ಸೀಸ, ಸತು, ತಾಮ್ರದ ಪುಡಿ ಇರುತ್ತವೆ. ಉಕ್ಕಿಗೆ ಉಕ್ಕು ತಾಗದಂತೆ ನಡುವೆ ನಿಲ್ಲುವುದು ಆ ಪುಡಿಯೇ. ಎಪಿಐ ರೌಂಡ್ (ದುಂಡು ಅಂಚಿನ) ಥ್ರೆಡ್ಡಿನಲ್ಲಿ ಉಳಿಯುವ ಸುರುಳಿ ಸಂದನ್ನು ತುಂಬಿ ಸೋರಿಕೆ ತಡೆಯುವುದೂ ಅದೇ. ಡಬ್ಬಿಯ ತಳಕ್ಕೆ ಇಳಿದ ಪುಡಿಯನ್ನು ಕಲಕದೆ ಮೇಲಿನದನ್ನಷ್ಟೇ ಬಳಿದರೆ ಬಳಿದದ್ದು ಗ್ರೀಸ್ ಮಾತ್ರ. ಮರಳು ಬಿದ್ದ ಡಬ್ಬಿಯಾದರೆ ಬಳಿಯದಿರುವುದೇ ಮೇಲು.

ಇನ್ನು ‘ಟಾರ್ಕ್ ಸರಿಯಾಗಿ ಬಂದಿದೆ, ಹಾಗಾಗಿ ಜೋಡಣೆ ಸರಿ’ ಎನ್ನುವವರಿಗೆ. ಟಾರ್ಕ್ ಎಂದರೆ ತಿರುವುವ ಬಲ. ಕಚ್ಚಿಕೊಂಡ ಥ್ರೆಡ್ಡೂ ಟಾರ್ಕ್ ತೋರಿಸುತ್ತದೆ. ಪಿನ್ ಕೂರಬೇಕಾದ ಜಾಗಕ್ಕೆ ತಲುಪುವ ಮೊದಲೇ ಘರ್ಷಣೆಯೇ ಆ ಬಲವನ್ನೆಲ್ಲ ನುಂಗಿ ಮೀಟರಿನ ಮುಳ್ಳನ್ನು ಏರಿಸಿರಬಹುದು. ಅದಕ್ಕೇ ಟಾರ್ಕಿನ ಜೊತೆ ಸುತ್ತುಗಳನ್ನೂ ಎಣಿಸಿ ಗ್ರಾಫ್ ತೆಗೆಯುವುದು. ಸುತ್ತು ಕಡಿಮೆ, ಟಾರ್ಕ್ ಜಾಸ್ತಿ ಎಂದಾದರೆ ಇನ್ನಷ್ಟು ಬಿಗಿ ಮಾಡಬಾರದು. ಬಿಚ್ಚಿ, ಒರೆಸಿ, ಪಿನ್ ಮತ್ತು ಬಾಕ್ಸ್ ಎರಡನ್ನೂ ನೋಡಬೇಕು. ಒಂದರಲ್ಲಿ ಕಿತ್ತ ಗುರುತು ಕಂಡರೆ ಇನ್ನೊಂದರಲ್ಲಿ ಗಂಟು ಇದ್ದೇ ಇರುತ್ತದೆ. ಪಿನ್ ಬದಲಿಸಿ ಅದೇ ಬಾಕ್ಸಿಗೆ ಹೊಸ ಪೈಪ್ ತಿರುವಿದರೆ ಆ ಗಂಟು ಹೊಸದನ್ನೂ ಕಚ್ಚುತ್ತದೆ.