ಜಾಕ್ಸನ್ ಇಲ್ಲದ ಲೀ

ಕಿರಿಯ ಅಧಿಕಾರಿಗಳಿಗೆ ಯುದ್ಧದ ಇತಿಹಾಸವನ್ನು ಪಾಠ ಮಾಡುವ ನನ್ನಂಥವರಿಗೆ, ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ: ದಕ್ಷಿಣದ ಸೇನಾನಿ ಸ್ಟೋನ್‌ವಾಲ್ ಜಾಕ್ಸನ್ ಬದುಕಿದ್ದರೆ, 1863ರ ಜುಲೈನಲ್ಲಿ ತಾವು ಸೋತ ಗೆಟ್ಟಿಸ್‌ಬರ್ಗ್ ಕಾಳಗವನ್ನು ದಕ್ಷಿಣದವರು ಗೆಲ್ಲುತ್ತಿದ್ದರೇ? ಹೌದು, ಇಲ್ಲ ಎನ್ನುವ ಮೊದಲು, ಆತ ಸತ್ತಾಗ ಆ ಸೈನ್ಯ ನಿಜಕ್ಕೂ ಕಳೆದುಕೊಂಡದ್ದೇನು ಎಂಬುದನ್ನು ನೋಡಬೇಕು.

1863ರ ಮೇ ತಿಂಗಳಲ್ಲಿ ವರ್ಜೀನಿಯಾದ ಚಾನ್ಸಲರ್ಸ್‌ವಿಲ್ ಕಾಳಗಕ್ಕೆ ಉತ್ತರದ ಜನರಲ್ ಹೂಕರ್ ಸುಮಾರು 1,30,000 ಸೈನಿಕರನ್ನು ತಂದಿದ್ದ. ದಕ್ಷಿಣದ ಸೈನ್ಯದ ನಾಯಕ ರಾಬರ್ಟ್ ಲೀ ಬಳಿ ಇದ್ದವರು ಸುಮಾರು 60,000. ಆ ಸಣ್ಣ ಸೈನ್ಯವನ್ನೂ ಒಡೆದು, ಸುಮಾರು 28,000 ಮಂದಿಯನ್ನು ಜಾಕ್ಸನ್ ಕೈಗೊಪ್ಪಿಸಿ, ಶತ್ರುವಿನ ಬಲ ಪಾರ್ಶ್ವವನ್ನು ಬಳಸಿಕೊಂಡು ಹೋಗಲು ಲೀ ಕಳಿಸಿದ. ಮೇ 2ರ ಬೆಳಗ್ಗೆ ಹೊರಟ ಪಡೆ ಸುಮಾರು 19 ಕಿ.ಮೀ. ಕಾಡುದಾರಿ ಸವೆಸಿ, ಸಂಜೆ ಐದು ಗಂಟೆ ದಾಟಿದ ಮೇಲೆ, ಉತ್ತರದ ಆಲಿವರ್ ಹೊವಾರ್ಡ್‌ನ ಹನ್ನೊಂದನೆಯ ಕೋರ್ (ಹಲವು ಡಿವಿಷನ್‌ಗಳು ಸೇರಿದ ದೊಡ್ಡ ಪಡೆ) ರಾತ್ರಿಯ ಅಡುಗೆಯಲ್ಲಿ ತೊಡಗಿದ್ದಾಗ ಮೇಲೆರಗಿತು.

ರಾತ್ರಿ ಒಂಬತ್ತರ ಸುಮಾರಿಗೆ ಜಾಕ್ಸನ್ ಬೆರಳೆಣಿಕೆಯ ಸವಾರರೊಂದಿಗೆ ತನ್ನ ಸಾಲಿನಿಂದಲೂ ಮುಂದೆ ಹೋಗಿ, ಶತ್ರು ಎಲ್ಲಿದ್ದಾನೆಂದು ನೋಡಿಕೊಂಡು ಹಿಂದಿರುಗುತ್ತಿದ್ದ. ಕತ್ತಲಲ್ಲಿ ಕುದುರೆಗಳ ಸಪ್ಪಳ ಕೇಳಿದ ನಾರ್ತ್ ಕ್ಯಾರೊಲಿನಾದ ಸೈನಿಕರು ಅವರನ್ನು ಶತ್ರುಗಳೆಂದೇ ತಿಳಿದು ಗುಂಡು ಹಾರಿಸಿದರು. ‘ನಾವು ನಿಮ್ಮವರೇ’ ಎಂಬ ಕೂಗು ಶತ್ರುವಿನ ಕಪಟವೆನ್ನಿಸಿ, ಇನ್ನೊಂದು ಸುತ್ತು ಗುಂಡು ಹಾರಿತು. ಮೂರು ಗುಂಡು ತಗುಲಿದ ಜಾಕ್ಸನ್‌ನ ಎಡಗೈಯನ್ನು ವೈದ್ಯ ಹಂಟರ್ ಮೆಕ್‌ಗ್ವೈರ್ ಆ ರಾತ್ರಿಯೇ ಕತ್ತರಿಸಬೇಕಾಯಿತು. ಎಂಟನೆಯ ದಿನ, ಮೇ 10ರಂದು, ಆತ ನ್ಯುಮೋನಿಯಾದಿಂದ ಸತ್ತಾಗ ವಯಸ್ಸು 39.

ನಾನು ತರಗತಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಈ ಎರಡು ಘಟನೆಗಳ ನಡುವಿನ ಒಂದು ಗಳಿಗೆಯಲ್ಲಿ. ಜಾಕ್ಸನ್ ತನ್ನ ಯೋಜನೆಯನ್ನು ಕೈಕೆಳಗಿನ ಅಧಿಕಾರಿಗಳಿಗೂ ಬಿಟ್ಟುಕೊಡದ ಮನುಷ್ಯ. ಅವನ ನಂತರದ ಹಿರಿಯನಾದ ಎ. ಪಿ. ಹಿಲ್ ಕೂಡ ಅದೇ ರಾತ್ರಿ ಗಾಯಗೊಂಡದ್ದರಿಂದ, ಅಶ್ವದಳದ ಜೆಬ್ ಸ್ಟುವರ್ಟ್ ಆ ಕತ್ತಲಲ್ಲಿ ಬಂದು ಕೋರ್‌ನ ಹೊಣೆ ಹೊರಬೇಕಾಯಿತು. ಮುಂದೇನು ಮಾಡಬೇಕೆಂದು ಕೇಳಿಕೊಂಡು ಬರಲು ಆಸ್ಪತ್ರೆಯ ಡೇರೆಗೆ ಒಬ್ಬ ಅಧಿಕಾರಿ ಹೋದ. ಕೈ ಕಳೆದುಕೊಂಡು ಮಲಗಿದ್ದ ಜಾಕ್ಸನ್ ಒಂದು ಕ್ಷಣ ಯೋಚಿಸಲು ಹೆಣಗಿ, ಕೊನೆಗೆ, ತನಗೆ ತೋಚುತ್ತಿಲ್ಲ, ಸ್ಟುವರ್ಟ್ ತನಗೆ ಸರಿಕಂಡಂತೆ ಮಾಡಲಿ ಎಂದ. ಮರುದಿನ ಸ್ಟುವರ್ಟ್ ಚೆನ್ನಾಗಿಯೇ ಕಾದಿದ, ಕಾಳಗವನ್ನು ದಕ್ಷಿಣದವರೇ ಗೆದ್ದರು. ಆದರೆ ಜಾಕ್ಸನ್‌ನ ತಲೆಯಲ್ಲಿದ್ದ ಯೋಜನೆ ಯಾರಿಗೂ ಸಿಗಲಿಲ್ಲ.

ಇನ್ನೊಂದು ನಷ್ಟ ಲೀಯ ಆಜ್ಞೆಗಳಲ್ಲಿ ಕಾಣುತ್ತದೆ. ಲೀ ಉದ್ದೇಶವನ್ನಷ್ಟೇ ಹೇಳಿ, ಉಳಿದದ್ದನ್ನು ಕೋರ್ ನಾಯಕನ ವಿವೇಚನೆಗೆ ಬಿಡುತ್ತಿದ್ದ. ಜಾಕ್ಸನ್‌ಗೆ ಅಂಥ ಮಾತು ನುಗ್ಗಲು ಕೊಟ್ಟ ಪರವಾನಗಿ. ಅವನ ಸಾವಿನ ನಂತರ ಲೀ ಎರಡು ಕೋರ್‌ಗಳನ್ನು ಮೂರಾಗಿ ಮಾಡಿ, ಎರಡನೆಯದನ್ನು ರಿಚರ್ಡ್ ಯೂವೆಲ್‌ಗೂ ಮೂರನೆಯದನ್ನು ಹಿಲ್‌ಗೂ ಕೊಟ್ಟ. ಇಬ್ಬರಿಗೂ ಆ ಹೊಣೆ ಹೊಸದು. ಯೂವೆಲ್ ಹಿಂದಿನ ವರ್ಷ ಕಾಲು ಕಳೆದುಕೊಂಡು ಆಗಷ್ಟೇ ಮರಳಿದ್ದ. ಸೈನ್ಯದ ರಚನೆ ಬದಲಾಯಿತು, ಆಜ್ಞೆ ಕೊಡುವ ರೀತಿ ಬದಲಾಗಲಿಲ್ಲ. ಜುಲೈ 1ರ ಸಂಜೆ ಗೆಟ್ಟಿಸ್‌ಬರ್ಗ್‌ನಲ್ಲಿ ‘ಸಾಧ್ಯವೆನಿಸಿದರೆ’ ಸೆಮೆಟರಿ ಹಿಲ್ ಎಂಬ ಗುಡ್ಡವನ್ನು ಹಿಡಿ, ಆದರೆ ಪೂರ್ಣ ಪ್ರಮಾಣದ ಕಾಳಗಕ್ಕೆ ಇಳಿಯಬೇಡ ಎಂಬ ಆಜ್ಞೆ ಬಂದಾಗ, ದಣಿದ ಪಡೆಗಳನ್ನೂ ಇನ್ನೂ ಬಂದು ತಲುಪದ ಒಂದು ಡಿವಿಷನ್ನನ್ನೂ ಲೆಕ್ಕ ಹಾಕಿದ ಯೂವೆಲ್ ಸಾಧ್ಯವಿಲ್ಲವೆಂದು ನಿಂತ. ಅವನನ್ನು ಹೇಡಿಯೆನ್ನುವವರ ಜೊತೆ ನಾನಿಲ್ಲ. ಬಂದ ಆಜ್ಞೆಯನ್ನು ಆತ ಇದ್ದ ಹಾಗೇ ಓದಿದ. ಅದು ಬೇರೊಬ್ಬನ ಕಣ್ಣಿಗೆ ಹೊಂದುವಂತೆ ಹೇಳಿದ್ದು.

ಹಾಗೆಂದು ಜಾಕ್ಸನ್ ಇದ್ದಿದ್ದರೆ ಗುಡ್ಡ ಕೈಸೇರುತ್ತಿತ್ತು ಎನ್ನಲೂ ನನಗೆ ಧೈರ್ಯವಿಲ್ಲ. 1862ರಲ್ಲಿ ರಿಚ್ಮಂಡ್ ಎದುರಿನ ಏಳು ದಿನಗಳ ಕಾಳಗದಲ್ಲಿ ಇದೇ ಜಾಕ್ಸನ್ ತಡವಾಗಿ ಬಂದು, ವೈಟ್ ಓಕ್ ಜೌಗಿನ ಬಳಿ ಸುಮ್ಮನೆ ನಿಂತುಬಿಟ್ಟಿದ್ದ. ಸತ್ತ ಸೇನಾನಿಯ ಲೆಕ್ಕದಲ್ಲಿ ಇಂಥ ದಿನಗಳನ್ನು ಯಾರೂ ಬರೆದುಕೊಳ್ಳುವುದಿಲ್ಲ. ಗುಡ್ಡ ಸಿಕ್ಕಿದ್ದರೂ, ದೂರದ ಮಿಸಿಸಿಪ್ಪಿ ದಂಡೆಯಲ್ಲಿ ದಕ್ಷಿಣದವರ ಕೋಟೆನಗರ ವಿಕ್ಸ್‌ಬರ್ಗ್ ಜುಲೈ 4ರಂದು ಉತ್ತರದ ಜನರಲ್ ಗ್ರಾಂಟ್‌ಗೆ ಶರಣಾಗುವುದು ನಿಲ್ಲುತ್ತಿರಲಿಲ್ಲ. ಉತ್ತರದ ಜನಸಂಖ್ಯೆ ಸುಮಾರು 2.2 ಕೋಟಿ, ದಕ್ಷಿಣದ್ದು 90 ಲಕ್ಷ, ಅದರಲ್ಲೂ ಸುಮಾರು 35 ಲಕ್ಷ ಮಂದಿ ಗುಲಾಮರು.

ಉತ್ತರದವರೂ ಸೇನಾನಿಗಳನ್ನು ಕಳೆದುಕೊಂಡರು. 1864ರ ಜುಲೈ 22ರಂದು ಅಟ್ಲಾಂಟಾದ ಹೊರವಲಯದಲ್ಲಿ, ಒಂದು ಇಡೀ ಸೈನ್ಯದ ನಾಯಕನಾಗಿದ್ದ 35 ವರ್ಷದ ಜೇಮ್ಸ್ ಮೆಕ್‌ಫರ್ಸನ್ ಗುಂಡಿಗೆ ಬಲಿಯಾದ. ಅದೇ ಮಧ್ಯಾಹ್ನ ಜಾನ್ ಲೋಗನ್ ಅಧಿಕಾರ ವಹಿಸಿಕೊಂಡು ಕಾಳಗವನ್ನು ಮುಂದುವರಿಸಿದ. ಕೆಲವೇ ದಿನಗಳಲ್ಲಿ ಆ ಸೈನ್ಯಕ್ಕೆ ಶಾಶ್ವತ ನಾಯಕನೂ ಬಂದ. ಅವನೇ ಆಲಿವರ್ ಹೊವಾರ್ಡ್, ಹದಿನಾಲ್ಕು ತಿಂಗಳ ಹಿಂದೆ ಚಾನ್ಸಲರ್ಸ್‌ವಿಲ್‌ನ ಆ ಸಂಜೆ ಜಾಕ್ಸನ್‌ನ ದಾಳಿಗೆ ಚೆದುರಿಹೋದ ಕೋರ್‌ನ ನಾಯಕ. ಸೆಪ್ಟೆಂಬರ್ 2ರಂದು ಅಟ್ಲಾಂಟಾ ಉತ್ತರದವರ ವಶವಾಯಿತು.