ಬಳ್ಳಾರಿ ಬಿಸಿಲು, ಹಳೇ ಆಟೋಮ್ಯಾಟಿಕ್ ಕಾರು: ಗೇರ್‌ಬಾಕ್ಸ್ ಕೂಲರ್ ಟಿಪ್ಪಣಿ

ಅಂಬಾಸಡರ್, ಪದ್ಮಿನಿ ಇಟ್ಟುಕೊಂಡವರಿಗೆ ಇದು ಬೇಕಿಲ್ಲ. ಅವು ಕ್ಲಚ್ ಗಾಡಿಗಳು. ಕ್ಲಚ್ ಬದಲು ಆಯಿಲ್ ಮೂಲಕ ಎಂಜಿನ್ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಹಳೇ ಇಂಪಾಲ, ಡಾಡ್ಜ್, ಆಟೋಮ್ಯಾಟಿಕ್ ಬೆಂಜ್ ಡಬ್ಲ್ಯು123 ಇಂಥವುಗಳ ಮಾತು ಇಲ್ಲಿ. ಅವುಗಳ ಗೇರ್‌ಬಾಕ್ಸ್ ಆಯಿಲನ್ನು ಗಾಳಿಯಿಂದ ತಣಿಸುವ ಹೆಚ್ಚುವರಿ ಕೂಲರ್ ಹಾಕುವುದು ಹೇಗೆ ಅಂತ.

ಬಿಸಿ ಹುಟ್ಟುವುದು ಮುಖ್ಯವಾಗಿ ಕನ್ವರ್ಟರಿನಲ್ಲಿ. ಆ ಕಾಲದವಕ್ಕೆ ಸಾಮಾನ್ಯವಾಗಿ ಲಾಕಪ್ ಕ್ಲಚ್ (ಕನ್ವರ್ಟರಿನ ಎರಡು ಬದಿ ಜಾರದಂತೆ ಬಿಗಿಯುವುದು) ಇಲ್ಲ, ಹಾಗಾಗಿ ಜಾರುವಿಕೆ ನಿಲ್ಲುವುದೇ ಇಲ್ಲ. ಸಂಡೂರು ಘಾಟಿ ಹತ್ತುವಾಗ ಎಂಜಿನ್ 50 ಕಿಲೋವ್ಯಾಟ್ ಕೊಡುತ್ತಿದೆ, ಅದರಲ್ಲಿ ಶೇ. 90 ಕನ್ವರ್ಟರ್ ದಾಟಿ ಮುಂದೆ ಹೋಯಿತು ಅಂತಿಟ್ಟುಕೊಳ್ಳಿ. ಉಳಿದ 5 ಕಿಲೋವ್ಯಾಟ್ ಆಯಿಲಿಗೆ ಹೋಯಿತು. ಐದು ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಚ್ಚಿದಷ್ಟು.

ಸಂಪಿನಲ್ಲಿ (ಗೇರ್‌ಬಾಕ್ಸ್ ತಳದ ಆಯಿಲ್ ತಟ್ಟೆ) ಆಯಿಲ್ 80ರಿಂದ 95 ಡಿಗ್ರಿ ಇದ್ದರೆ ಚಿಂತೆಯಿಲ್ಲ. 115ರ ಹೊತ್ತಿಗೆ ವಾರ್ನಿಷ್ (ಆಯಿಲ್ ಕೆಟ್ಟು ಕೂರುವ ಅಂಟು ಪದರ) ಕಟ್ಟಲು ಶುರು, 127ರ ಸುಮಾರಿಗೆ ಸೀಲು ಗಟ್ಟಿಯಾಗುತ್ತದೆ, 145ರಲ್ಲಿ ಗೇರ್‌ಬಾಕ್ಸಿನೊಳಗಿನ ಕ್ಲಚ್ ಪ್ಲೇಟ್ ಜಾರುತ್ತದೆ. 80ರ ಮೇಲೆ ಪ್ರತಿ 11 ಡಿಗ್ರಿಗೆ ಆಯಿಲಿನ ಆಯಸ್ಸು ಅರ್ಧ ಅನ್ನುವುದು ವಾಡಿಕೆಯ ಅಂದಾಜು. ಮೀಟರಿನ ಸೆನ್ಸರ್ ಸಂಪಿಗೇ ಹಾಕಿ. ಕನ್ವರ್ಟರಿನಿಂದ ಹೊರಡುವ ಪೈಪಿಗೆ ಹಾಕಿದರೆ ಏರಿನಲ್ಲಿ ಮುಳ್ಳು ಸುಮ್ಮನೆ ಹಾರಿ ಹೆದರಿಸುತ್ತದೆ.

ಯಾವ ಸೈಜು

ಆಯಿಲ್ 95, ಗಾಳಿ 25 ಇದ್ದರೆ ಅಂತರ 70. ಮೇ ತಿಂಗಳ ರಾಯಚೂರಿನಲ್ಲಿ ಗಾಳಿಯೇ 42, ಅಂತರ 53. ಅದೇ ಕೂಲರ್ ಸುಮಾರು ಕಾಲು ಭಾಗ ಕಡಿಮೆ ಕೆಲಸ ಮಾಡುತ್ತದೆ. ಡಬ್ಬಿಯ ಮೇಲೆ ಗಾಡಿ ತೂಕಕ್ಕೆ ಬರೆದಿರುವುದಕ್ಕಿಂತ ಒಂದು ಸೈಜು ದೊಡ್ಡದು ತನ್ನಿ. ಕೊಳವೆಗೆ ಫಿನ್ (ಬಿಸಿ ಬಿಡುವ ತೆಳು ತಗಡು) ಸುತ್ತಿದ ಅಗ್ಗದ ನಮೂನೆ ಇಲ್ಲಿ ಸಾಲದು. ಚಪ್ಪಟೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಟ್ಯಾಕ್ಡ್ ಪ್ಲೇಟ್ ನಮೂನೆಯೇ ಸರಿ.

ಯಾವ ಪೈಪು ಕತ್ತರಿಸಬೇಕು

ಎಲ್ಲರೂ ಎಡವುವುದು ಇಲ್ಲೇ. ಕಂಪನಿಯ ಕೂಲರ್ ರೇಡಿಯೇಟರಿನ ಟ್ಯಾಂಕಿನೊಳಗೆ ಇರುತ್ತದೆ. ಅದಕ್ಕೆ ಎರಡು ಪೈಪು. ಹೊಸ ಕೂಲರ್ ಅದರ ಮೊದಲು ಬರಬೇಕೋ, ಆಮೇಲೋ?

ಆಯಿಲ್ ಅತಿ ಬಿಸಿ ಇರುವಾಗಲೇ ಗಾಳಿಗೆ ಒಡ್ಡಿದರೆ ಹೆಚ್ಚು ಬಿಸಿ ಇಳಿಯುತ್ತದಲ್ಲ, ಮೊದಲೇ ಹಾಕೋಣ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಹೊರಡುವ ಆಯಿಲ್ 110, ರೇಡಿಯೇಟರ್ ಟ್ಯಾಂಕಿನ ನೀರು 85. ಮೊದಲು ಗಾಳಿ ಕೂಲರ್ ಅದನ್ನು 85ಕ್ಕೆ ಇಳಿಸಿದರೆ, ಆಮೇಲೆ 85ರ ನೀರಿನಲ್ಲಿ ಇಳಿಯಲು ಏನೂ ಉಳಿದಿಲ್ಲ. ನೀರು 95ಕ್ಕೆ ಏರಿದ ದಿನ ತಣಿದ ಆಯಿಲನ್ನೇ ಮತ್ತೆ ಕಾಯಿಸಿ ಕಳಿಸುತ್ತದೆ. ತಿರುಗಾಮುರುಗಾ ಮಾಡಿ: ನೀರು 110ನ್ನು 95ಕ್ಕೆ ತರಲಿ, ಆಮೇಲೆ 42ರ ಗಾಳಿ ಅದನ್ನು 80ರ ಹತ್ತಿರ ತರಲಿ. ಕೊನೆಯ ಕೈ ಗಾಳಿಯದೇ ಇರಬೇಕು. ಹಿಮ ಬೀಳುವ ಊರಲ್ಲಿ ಆಯಿಲ್ ಬೆಚ್ಚಗಾಗಲಿ ಅಂತ ಉಲ್ಟಾ ಹಾಕುವುದುಂಟು. ಕೊಪ್ಪಳದಲ್ಲಿ ಆ ಪ್ರಶ್ನೆಯೇ ಇಲ್ಲ.

ಅಂದರೆ ಕತ್ತರಿಸಬೇಕಾದ್ದು ರೇಡಿಯೇಟರಿನಿಂದ ಗೇರ್‌ಬಾಕ್ಸಿಗೆ ವಾಪಸ್ ಬರುವ ಪೈಪು. ಅದನ್ನು ಗುರುತಿಸಲು ಬೆಳಗ್ಗೆ ತಣ್ಣಗಿನ ಗಾಡಿ ಸ್ಟಾರ್ಟ್ ಮಾಡಿ, ಗೇರ್‌ಬಾಕ್ಸ್ ಪಕ್ಕದಲ್ಲಿ ಎರಡೂ ಪೈಪು ಮುಟ್ಟಿ ನೋಡಿ. ಮೊದಲು ಬೆಚ್ಚಗಾದದ್ದು ಹೊರಡುವ ಪೈಪು. ಮಧ್ಯಾಹ್ನ ಎರಡೂ ಬಿಸಿಲಿಗೇ ಕಾದಿರುತ್ತವೆ, ಕೈ ನಂಬಬೇಡಿ. ಖಾತ್ರಿ ಬೇಕಾದರೆ ರೇಡಿಯೇಟರ್ ಬಳಿ ಒಂದು ಪೈಪು ಬಿಚ್ಚಿ, ಬಕೆಟ್ ಇಟ್ಟು, ಕೆಲವೇ ಸೆಕೆಂಡು ಎಂಜಿನ್ ಓಡಿಸಿ. ಇಲ್ಲಿ ಒಂದು ಮೋಸ ಇದೆ. ವಾಪಸ್ ಪೈಪು ಬಿಚ್ಚಿದರೂ ಆಯಿಲ್ ಚಿಮ್ಮುತ್ತದೆ, ಆದರೆ ರೇಡಿಯೇಟರಿನ ನಿಪ್ಪಲಿನಿಂದ, ಅಂದರೆ ಪೈಪು ಕೂರುವ ಬಾಯಿಂದ. ಕೈಯಲ್ಲಿರುವ ಪೈಪಿನ ತುದಿಯಿಂದ ಅಲ್ಲ. ಆಯಿಲ್ ಕಂಡ ಕೂಡಲೇ "ಇದೇ ಬಿಸಿ ಪೈಪು" ಅಂದುಬಿಡುತ್ತಾರೆ. ನೋಡಬೇಕಾದ್ದು ಆಯಿಲ್ ಬಂತೋ ಇಲ್ಲವೋ ಎಂದಲ್ಲ, ಎರಡು ಬಾಯಲ್ಲಿ ಯಾವುದರಿಂದ ಬಂತು ಎಂದು. ನಿಪ್ಪಲಿನಿಂದ ಬಂದರೆ ಬಿಚ್ಚಿದ್ದು ವಾಪಸ್ ಪೈಪು, ಅಂದರೆ ಕತ್ತರಿಸಬೇಕಾದ್ದೇ ಅದು.

ಡಾಡ್ಜಿನಲ್ಲಿ ಹಳೇ ಟಾರ್ಕ್‌ಫ್ಲೈಟ್ ಗೇರ್‌ಬಾಕ್ಸ್ ಇದ್ದರೆ ಈ ಪರೀಕ್ಷೆ ನ್ಯೂಟ್ರಲ್‌ನಲ್ಲಿ ಮಾಡಿ. ಪಾರ್ಕ್‌ನಲ್ಲಿ ಅದು ಕನ್ವರ್ಟರಿಗಾಗಲಿ ಕೂಲರಿಗಾಗಲಿ ಆಯಿಲ್ ಕಳಿಸುವುದಿಲ್ಲ. ಪಂಪ್ ಹೋಯಿತೆಂದು ಗೇರ್‌ಬಾಕ್ಸ್ ಇಳಿಸಿದವರಿದ್ದಾರೆ. ಐಡಲ್‌ನಲ್ಲಿ 1 ಲೀಟರ್ ಬರಲು 20 ಸೆಕೆಂಡು ಆಸುಪಾಸು ಸಾಕು. 30 ದಾಟಿದರೆ ಎಲ್ಲೋ ಕಟ್ಟಿಕೊಂಡಿದೆ. ಅಳೆದು ಹೊರಗೆ ಹೋದಷ್ಟು ಆಯಿಲ್ ಕೂಡಲೇ ತುಂಬಿಸಿ.

ರೇಡಿಯೇಟರ್ ಕೂಲರ್ ಇಟ್ಟುಕೊಳ್ಳುವುದೋ ಬಿಡುವುದೋ

ಬೋರ್ ನೀರು ಹಾಕಿ ಓಡಿಸಿದ ರೇಡಿಯೇಟರಾದರೆ ಟ್ಯಾಂಕಿನ ಕೂಲರ್ ಮೇಲೆ ಉಪ್ಪಿನ ಪದರ ಕೂತಿರುತ್ತದೆ, ಬಿಸಿ ದಾಟುವುದಿಲ್ಲ. ಅದಕ್ಕಿಂತ ಅಪಾಯ ಅದು ತೂತು ಬೀಳುವುದು: ನೀರು ಆಯಿಲಿಗೆ ಸೇರಿ ಗುಲಾಬಿ ಬಣ್ಣದ ನೊರೆ, ಆಮೇಲೆ ಕ್ಲಚ್ ಪ್ಲೇಟಿನ ಕಾಗದದ ಲೈನಿಂಗ್ ಅಂಟು ಬಿಟ್ಟು ಕಳಚುತ್ತದೆ. ರೇಡಿಯೇಟರ್ ರಿಪೇರಿಯವರ ತೊಟ್ಟಿಯಲ್ಲಿ ಮುಳುಗಿಸಿ, ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ 40–50 ಪೌಂಡ್ ಗಾಳಿ ಕೊಡಿ. ಗುಳ್ಳೆ ಬಂದರೆ ಅದನ್ನು ಬಿಟ್ಟು ಗಾಳಿ ಕೂಲರ್ ಒಂದೇ ಹಾಕಿ, ಆದರೆ 80 ಡಿಗ್ರಿಗೆ ತಿರುಗುವ ಫ್ಯಾನು ರಿಲೇ ಸಮೇತ ಬೇಕೇ ಬೇಕು. ರೈಲ್ವೆ ಗೇಟಿನಲ್ಲಿ ಅದಿರಿನ ಗೂಡ್ಸ್ ದಾಟುವವರೆಗೆ ಗಾಳಿ ಎಲ್ಲಿಂದ ಬರಬೇಕು? ಗೇರ್‌ಬಾಕ್ಸ್ ಒಮ್ಮೆ ಸುಟ್ಟಿದ್ದರೆ ಹಳೇ ಕೂಲರ್ ತೊಳೆದು ಹಾಕುವ ಉಳಿತಾಯ ಬೇಡ. ಸಂದಿಯ ಚೂರು ಪೂರ್ತಿ ಹೋಗುವುದಿಲ್ಲ.

ಕೂರಿಸುವುದು

ರೇಡಿಯೇಟರಿನ ಮುಂದೆ 12ರಿಂದ 20 ಮಿ.ಮೀ. ಬಿಟ್ಟು, ರಬ್ಬರ್ ಇಟ್ಟು, ಬ್ರಾಕೆಟ್ ಮೇಲೆ. ಫಿನ್ ಸಂದಿಯಲ್ಲಿ ತೂರಿಸುವ ಪ್ಲಾಸ್ಟಿಕ್ ಕಡ್ಡಿ ಎಸೆದುಬಿಡಿ, ಅಲುಗಾಡಿ ರೇಡಿಯೇಟರನ್ನೇ ತೂತು ಮಾಡುತ್ತದೆ. ಬಾಯಿ ಮೇಲಕ್ಕೋ ಪಕ್ಕಕ್ಕೋ ಇರಲಿ; ಕೆಳಮುಖ ಮಾಡಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಪೈಪು ಉಕ್ಕಿನದು, ತಾಮ್ರ ಬೇಡ. ಹೋಸ್ ಆಯಿಲ್ ಕೂಲರಿನದೇ ಆಗಬೇಕು, ಪೈಪಿನ ತುದಿಗೆ ಉಬ್ಬು ಹೊಡೆಸಿ ಕ್ಲಿಪ್ ಬಿಗಿಯಿರಿ. ಹೊಸ ಕೂಲರ್ ಕುಡಿಯುವಷ್ಟು ಆಯಿಲ್ ಸೇರಿಸಿ, ಬಿಸಿಯಾದ ಮೇಲೆ ಡಿಪ್‌ಸ್ಟಿಕ್ ನೋಡಿ.

ಸ್ಟ್ಯಾಕ್ಡ್ ಪ್ಲೇಟಿನ ಒಂದೇ ತಕರಾರು ಅದರ ಸಣ್ಣ ಫಿನ್. ಹೊಸಪೇಟೆ ರಸ್ತೆಯ ಕೆಂಪು ಅದಿರು ಧೂಳು, ರಾಯಚೂರಿನ ಹತ್ತಿ ಎಳೆ, ಗಂಗಾವತಿ ಕಡೆಯ ಭತ್ತದ ಹೊಟ್ಟು ಎಲ್ಲ ಅಲ್ಲೇ ಕೂರುತ್ತವೆ. ತೊಳೆಯುವಾಗ ಕೂಲರಿನ ಹಿಂದಿನಿಂದ ಮುಂದಕ್ಕೆ, ಕಡಿಮೆ ಪ್ರೆಶರಿನ ನೀರು ಬಿಡಿ. ಮುಂದಿನಿಂದ ಬಿಟ್ಟರೆ ಹೊಟ್ಟು ಇನ್ನೂ ಒಳಕ್ಕೆ ಹೋಗುತ್ತದೆ. ವಾಟರ್ ಸರ್ವಿಸ್ ಗನ್ ಹಿಡಿದರೆ ಫಿನ್ ಮಡಚಿಕೊಳ್ಳುತ್ತದೆ.